ಗೋಡೆಯ ಮೇಲಿನ ಕೋವಿ



ಒಬ್ಬ ಗುರುವಿಗೂ ಬಂದೂಕಿಗೂ ಏನು ನಂಟು ಎಂದು ನೀವು ಕೇಳಬಹುದು. ನನ್ನ ಸ್ನೇಹಿತರೂ ಈ ಪ್ರಶ್ನೆಯನ್ನು ನಗುತ್ತಲೇ ಕೇಳಿದ್ದುಂಟು. 2020ರ ಲಾಕ್‌ಡೌನ್ ಕಾಲದಲ್ಲಿ ದೇವಾಲಯದ ಬಾಗಿಲುಗಳು ಮುಚ್ಚಿದ್ದಾಗ ನಾನು ಮಕ್ಕಳಿಗೆ ಜೂಮ್ ಮೂಲಕ ಧರ್ಮೋಪದೇಶದ ತರಗತಿಗಳನ್ನು ನಡೆಸುತ್ತಿದ್ದೆ. ಅದನ್ನು ತಿಳಿದ ಕೊಡಗಿನ ನಿವೃತ್ತ ಸೈನಿಕರೊಬ್ಬರು ಫೋನು ಮಾಡಿದರು. ಅವರ ಮನೆಯಲ್ಲಿ ಕೈಲ್ ಮುಹೂರ್ತದಂದು ತೋಕ್ ಪೂವಿನಿಂದ ಸಿಂಗರಿಸುವ ಮುತ್ತಜ್ಜನ ಕಾಲದ ಕೋವಿಯಿದೆ. "ಫಾದರ್, ಇಂಥ ಹಳೆಯ ಕೋವಿಗಳನ್ನು ಜೋಪಾನ ಮಾಡಿಕೊಂಡು ಬಂದಿರುವವರು ನಾವು ಏಳೆಂಟು ಮಂದಿ ಇದ್ದೇವೆ. ಅವುಗಳ ಚರಿತ್ರೆಯನ್ನು ಒಟ್ಟಿಗೆ ಕುಳಿತು ಕಲಿಯುವ ಆಸೆ. ನಿಮಗೆ ಈ ವ್ಯವಸ್ಥೆ ಗೊತ್ತಿದೆ, ಇತಿಹಾಸದಲ್ಲಿ ಆಸಕ್ತಿಯೂ ಇದೆ. ನಡೆಸಿಕೊಡಬಹುದೇ?" ಎಂದು ಕೇಳಿದರು. ಹಿಂಜರಿಯುತ್ತಲೇ ಒಪ್ಪಿಕೊಂಡೆ.

ಹದಿನೈದು ದಿನಗಳಿಗೊಮ್ಮೆ ಶನಿವಾರ ಸಂಜೆ ಸೇರುವುದೆಂದು ನಿಶ್ಚಯವಾಯಿತು. ಒಂದು ಸಂಜೆಗೆ ಒಂದೇ ಕೋವಿ. ಅದರ ನಳಿಗೆ, ಕುದುರೆ, ಮರದ ಹಿಡಿ, ಅದರ ಮೇಲಿನ ಮುದ್ರೆ, ಇವುಗಳ ಚಿತ್ರಗಳನ್ನು ಒಬ್ಬರು ಮುಂಚಿತವಾಗಿ ಕಳುಹಿಸಬೇಕು. ಉಳಿದವರು ಓದಿಕೊಂಡು ಬರಬೇಕು. ಉರಿಯುವ ಬತ್ತಿಯಿಂದ ಮದ್ದಿಗೆ ಕಿಡಿ ತಾಗಿಸುವ ಕೋವಿ ಮೊದಲಿನದು, ಚಕಮಕಿ ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರಿಸುವಂಥದು ಅನಂತರದ್ದು, ಹತ್ತೊಂಬತ್ತನೆಯ ಶತಮಾನದಲ್ಲಿ ಬಂದದ್ದು ಕೇಪಿನ ಕೋವಿ ಎಂಬ ಮೊದಲ ಪಾಠವನ್ನು ನಾನೂ ಅವರೊಂದಿಗೇ ಕಲಿತೆ.

ಕೆಲವು ನಿಯಮಗಳನ್ನೂ ಮಾಡಿಕೊಂಡೆವು. ಆಹ್ವಾನಿತರಿಗೆ ಮಾತ್ರ ಪ್ರವೇಶ. ಕೊಳ್ಳುವ, ಮಾರುವ ಮಾತು ಕೂಡದು. ಕೋವಿಯನ್ನು ಇಟ್ಟಿರುವ ಸ್ಥಳವನ್ನು ಹೇಳಕೂಡದು. ಸಭೆಯನ್ನು ಯಾರೂ ಮುದ್ರಿಸಿಕೊಳ್ಳಕೂಡದು. ಇದು ಗುಟ್ಟು ಮಾಡುವ ಚಪಲವಲ್ಲ. 2019ರಲ್ಲಿ ಇಂಗ್ಲೆಂಡಿನ ಒಂದು ಮನೆಯ ಅಟ್ಟದಲ್ಲಿ ದೊರೆತ ಟಿಪ್ಪು ಸುಲ್ತಾನನ ಕಾಲದ ಚಕಮಕಿ ಕೋವಿಯೊಂದು ಹರಾಜಿನಲ್ಲಿ 60,000 ಪೌಂಡುಗಳಿಗೆ ಮಾರಾಟವಾಯಿತು. ಇಂಥ ಸುದ್ದಿ ಹಬ್ಬಿದ ಮೇಲೆ ಹಳೆಯ ಮನೆಗಳ ಬಾಗಿಲು ತಟ್ಟುವವರು ಹೆಚ್ಚುವುದು ಸಹಜವಲ್ಲವೇ? ಕಾನೂನನ್ನೂ ಒಟ್ಟಿಗೆ ಓದಿದೆವು. ನೂರು ವರ್ಷ ದಾಟಿದ ಪುರಾತನ ವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಒಯ್ಯುವುದನ್ನು 1972ರ ಕಾಯಿದೆ ನಿಷೇಧಿಸುತ್ತದೆ. ಕೋವಿ ಹಳೆಯದೆಂಬ ಮಾತ್ರಕ್ಕೆ 1959ರ ಶಸ್ತ್ರಾಸ್ತ್ರ ಕಾಯಿದೆ ವಿನಾಯಿತಿ ಕೊಡುವುದಿಲ್ಲ. ದುರಸ್ತಿ ಮಾಡಿದರೂ ಹಾರಿಸಲಾಗದ ಸ್ಥಿತಿಯಲ್ಲಿ ಅದು ಇರಬೇಕು.

ಎಲ್ಲಕ್ಕಿಂತ ಮುಖ್ಯವಾದ ನಿಯಮವನ್ನು ಸೂಚಿಸಿದವರು ಆ ಸೈನಿಕರೇ. ಯಾವ ಕೋವಿಯನ್ನೂ ಖಾಲಿಯೆಂದು ನಂಬಬಾರದು. ಬಾಯಿಯಿಂದ ಮದ್ದು ತುಂಬುವ ಕೋವಿಯ ನಳಿಗೆಯೊಳಗೆ ಮರದ ಕೋಲೊಂದನ್ನು ಮೆಲ್ಲನೆ ಇಳಿಸಿ, ಅದು ನಿಂತಲ್ಲಿಗೆ ಗುರುತು ಹಾಕಿ, ಹೊರತೆಗೆದು ನಳಿಗೆಯ ಪಕ್ಕದಲ್ಲಿ ಹಿಡಿದು ನೋಡಬೇಕು. ಕೋಲು ಕೇಪು ಕೂರಿಸುವ ಮೊಳೆಯ ಮಟ್ಟಕ್ಕೆ ಬಂದರೆ ಖಾಲಿ. ಬಾರದಿದ್ದರೆ?

ಮೂರನೆಯ ಸಭೆಯಲ್ಲಿ ಮಲೆನಾಡಿನ ನಿವೃತ್ತ ಶಿಕ್ಷಕಿಯೊಬ್ಬರ ಸರದಿ ಬಂತು. ತೀರಿಕೊಂಡ ಪತಿಯ ಹಿರಿಯರ ಕೇಪಿನ ಕೋವಿ. ಪರವಾನಗಿ ಅವರ ಹೆಸರಿನಲ್ಲೇ ಇದೆ. ನಮ್ಮೆಲ್ಲರ ಮುಂದೆ ಕೋಲು ಇಳಿಸಿ, ಅಳೆದು ನೋಡಿದರು. ನಾಲ್ಕು ಬೆರಳಿನಷ್ಟು ಕಡಿಮೆ ಬಂತು. ಮತ್ತೊಮ್ಮೆ ಅಳೆದರು. ಅಷ್ಟೇ. "ಫಾದರ್, ಕಳೆದ ರಜೆಯಲ್ಲಿ ಮೊಮ್ಮಗ ಇದರ ಕುದುರೆ ಎಳೆದು ಆಡುತ್ತಿದ್ದ" ಎಂದರು. ಮುಂದೆ ಅವರಿಗೆ ಮಾತು ಹೊರಡಲಿಲ್ಲ. ಸೈನಿಕರು ಶಾಂತವಾಗಿ ಮಾರ್ಗದರ್ಶನ ಮಾಡಿದರು: ನೀವಾಗಿ ಏನನ್ನೂ ತೆಗೆಯಬೇಡಿ, ನಳಿಗೆಯ ಮುಂದೆ ಯಾರೂ ನಿಲ್ಲಬೇಡಿ, ಕೋಣೆಗೆ ಬೀಗ ಹಾಕಿ, ಠಾಣೆಗೆ ತಿಳಿಸಿ. ಎರಡು ದಿನಗಳ ಬಳಿಕ ಪರವಾನಗಿಯುಳ್ಳ ದುರಸ್ತಿಗಾರರೊಬ್ಬರು ಬಂದು ಬಿಚ್ಚಿದಾಗ ತೆಂಗಿನ ನಾರು, ಸೀಸದ ಚರೆಗಳು, ಅವುಗಳ ಕೆಳಗೆ ಕೋವಿ ಮದ್ದು ಕಂಡುಬಂದವು. ತುಂಬಿದವರು ಯಾರೋ, ಎಂದೋ! ಒಣಗಿದ ಜಾಗದಲ್ಲಿದ್ದರೆ ಕರಿಮದ್ದು ನೂರು ವರ್ಷವಾದರೂ ಸಾಯುವುದಿಲ್ಲವಂತೆ. ಮನೆಯವರು ಅಲಂಕಾರವೆಂದು ಗೋಡೆಗೆ ತೂಗುಹಾಕಿದ್ದ ವಸ್ತು ಅಷ್ಟು ಕಾಲವೂ ಸಿಡಿಯಲು ಸಿದ್ಧವಾಗಿಯೇ ಇತ್ತು.

ಆ ರಾತ್ರಿ ನನಗೆ ಬಹಳ ಹೊತ್ತು ನಿದ್ರೆ ಬರಲಿಲ್ಲ. ಏಕೆಂದರೆ ಮುಂದಿನ ಸಭೆಯ ವಿಷಯ ಟಿಪ್ಪುವಿನ ಶ್ರೀರಂಗಪಟ್ಟಣದ ಕೋವಿಗಳು. ನಾನು ಕರಾವಳಿಯ ಕ್ರೈಸ್ತ ಮನೆತನದವನು. 1784ರಲ್ಲಿ ನಮ್ಮ ಹಿರಿಯರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. 1799ರಲ್ಲಿ ಕೋಟೆ ಬಿದ್ದ ಮೇಲೆಯೇ ಬದುಕುಳಿದವರಿಗೆ ಬಿಡುಗಡೆ. ಅಜ್ಜಿಯ ಬಾಯಿಂದ ಕೇಳಿದ ಆ ದಾರಿಯ ಕಥೆಗಳು ನನ್ನೊಳಗೂ ಎಲ್ಲೋ ಗೋಡೆಗೆ ತೂಗಿಕೊಂಡಿದ್ದವು. ಅವು ಖಾಲಿಯೆಂದೇ ನಾನು ತಿಳಿದಿದ್ದೆ.

ಅಂದು ವಿಷಯ ಮಂಡಿಸಿದವರು ಮೈಸೂರಿನ ನಿವೃತ್ತ ಇತಿಹಾಸ ಅಧ್ಯಾಪಕರು, ಮುಸ್ಲಿಂ ಬಾಂಧವರು. ನಳಿಗೆಯುದ್ದಕ್ಕೂ ಚಿನ್ನದ ಹುಲಿಪಟ್ಟೆ, ಹುಲಿಯ ರೂಪ ತಾಳಿದ ಕುದುರೆ, ಸುಲ್ತಾನನೇ ಜಾರಿಗೆ ತಂದ ಮೌಲೂದಿ ಎಣಿಕೆಯ ವರ್ಷ, ಒಂದೊಂದನ್ನೇ ತೋರಿಸಿದರು. ಸೊಗಸಾದ ಕೆಲಸವೆಂದು ಎಲ್ಲರೂ ತಲೆದೂಗಿದರು. ನಾನು ಮಾತ್ರ ಕಲ್ಲಿನಂತೆ ಕುಳಿತಿದ್ದೆ. ಅವರು ಅದನ್ನು ಗಮನಿಸಿ, ಚಿತ್ರವನ್ನು ಬದಿಗಿಟ್ಟು, "ಫಾದರ್, ಇದರ ಎದುರು ನಿಂತವರ ಕಥೆಯನ್ನು ನೀವು ಹೇಳದೆ ಈ ಪಾಠ ಮುಗಿಯುವುದಿಲ್ಲ" ಎಂದರು. ಹೇಳಿದೆ. ನಡುವೆ ಒಬ್ಬರೂ ತಡೆಯಲಿಲ್ಲ, ವಾದಿಸಲಿಲ್ಲ. ಮುಗಿದ ಮೇಲೆ ಅವರು, "ಆ ಹುಲಿಯನ್ನು ಕೆತ್ತಿದ ಕೈಗಳೂ ಯಾವುದೋ ಬಡ ಮನೆಯವೇ" ಎಂದಷ್ಟೇ ಹೇಳಿದರು. ಆಗ ಆ ಚಿತ್ರವನ್ನು ಮತ್ತೊಮ್ಮೆ ನೋಡಲು ನನಗೆ ಸಾಧ್ಯವಾಯಿತು. ನೋವು ಸುಳ್ಳಾಗಲಿಲ್ಲ, ಕುಶಲತೆಯೂ ಸುಳ್ಳಾಗಲಿಲ್ಲ.

ಸಾವಿರ ಜನರ ಮುಂದೆ ಇದೇ ವಿಷಯ ಬಂದಿದ್ದರೆ ಘೋಷಣೆಗಳಾಗುತ್ತಿದ್ದವು, ಅಷ್ಟೇ. ಎಂಟು ಮಂದಿಯ ಮುಚ್ಚಿದ ಕೋಣೆಯಲ್ಲಿ, ಒಬ್ಬರನ್ನೊಬ್ಬರು ನಂಬಿದ್ದರಿಂದ, ಅದು ಕಲಿಕೆಯಾಯಿತು.

ಪ್ರಿಯ ಓದುಗರೇ, ನಿಮ್ಮ ಮನೆಯ ಗೋಡೆಯಲ್ಲಿ ಕೋವಿ ಇರಲಾರದು. ಆದರೆ ಹಿರಿಯರಿಂದ ಬಂದ ಒಂದು ಹಳೆಯ ಕಹಿ, ಪಾಲು ಪಟ್ಟಿಯ ಜಗಳ, ನೆರೆಯವರ ಮೇಲಿನ ಮುನಿಸು ಇರಬಹುದು. ಕಾಲ ಬಹಳವಾಯಿತು, ಒಳಗೆ ಏನೂ ಉಳಿದಿಲ್ಲವೆಂದು ಅದನ್ನು ಮಕ್ಕಳ ಕೈಗೆ ದಾಟಿಸುವ ಮುನ್ನ ಒಮ್ಮೆ ಕೋಲು ಇಳಿಸಿ ಅಳೆದು ನೋಡಿ. ಅಳತೆ ಕಡಿಮೆ ಬಂದರೆ ಗಾಬರಿಯಾಗಬೇಡಿ, ನಂಬುಗೆಯ ನಾಲ್ವರನ್ನು ಕರೆಯಿರಿ. ಒಬ್ಬರೇ ಬಿಚ್ಚಲು ಹೋಗಬೇಡಿ.