ವಿಯೆನ್ನಾದ ಮಂಜಿನಂಗಳ

ಆಸ್ಟ್ರಿಯಾ ದೇಶದ ರಾಜಧಾನಿಯಾದ ವಿಯೆನ್ನಾ ನಗರಕ್ಕೆ ಹೋದವರು ಅಲ್ಲಿಯ ಅರಮನೆಗಳನ್ನೂ ನಾಟಕಶಾಲೆಗಳನ್ನೂ ನೋಡದೆ ಹಿಂದಿರುಗುವುದಿಲ್ಲ. ಚಳಿಗಾಲದಲ್ಲಿ ಹೋದವರಾದರೆ ಇನ್ನೊಂದು ಸ್ಥಳವನ್ನೂ ಅವಶ್ಯವಾಗಿ ನೋಡಬೇಕು. ನಗರೋದ್ಯಾನಕ್ಕೆ ಸಮೀಪದಲ್ಲಿ ಹಾಯ್‌ಮಾರ್ಕ್ಟ್, ಎಂದರೆ ಹುಲ್ಲಿನ ಸಂತೆ, ಎಂಬ ಬೀದಿಯುಂಟು. ಅಲ್ಲಿ ಕೊನ್ಟ್ಸೆರ್ಟ್‌ಹೌಸ್ ಎಂಬ ಪ್ರಸಿದ್ಧ ಸಂಗೀತಮಂದಿರದ ಮಗ್ಗುಲಲ್ಲಿಯೇ, ತೆರೆದ ಆಕಾಶದ ಕೆಳಗೆ, ವಿಶಾಲವಾದ ಮಂಜುಗಡ್ಡೆಯ ಅಂಗಳವೊಂದು ಹಾಸಿಕೊಂಡಿದೆ. 1867ರಲ್ಲಿ ಸ್ಥಾಪಿತವಾದ ವಿಯೆನ್ನಾ ಸ್ಕೇಟಿಂಗ್ ಸಂಘದ ಅಂಗಳವಿದು. ಉಕ್ಕಿನ ಅಲಗಿರುವ ಬೂಟುಗಳನ್ನು ತೊಟ್ಟು ಅಜ್ಜಂದಿರೂ ಮೊಮ್ಮಕ್ಕಳೂ ಒಟ್ಟಿಗೆ ಜಾರುತ್ತಿದ್ದ ನೋಟವು ನಮಗೆ ಬಹು ಹಿತವೆನಿಸಿತು.

ಫಿಗರ್ ಸ್ಕೇಟಿಂಗ್ ಎಂಬ ಕಲೆಯ ಚರಿತ್ರೆಯಲ್ಲಿ ಈ ನಗರಕ್ಕೆ ಹಿರಿಯ ಸ್ಥಾನವಿದೆ. ಫಿಗರ್ ಎಂದರೆ ಆಕೃತಿ. ನಮ್ಮ ಗೃಹಿಣಿಯರು ಬಾಗಿಲ ಮುಂದೆ ರಂಗವಲ್ಲಿಯ ಎಳೆಗಳನ್ನು ಬಿಡಿಸುವಂತೆ, ಅಲಗಿನ ಅಂಚಿನಿಂದ ಮಂಜಿನ ಮೇಲೆ ವೃತ್ತಗಳನ್ನು ತಪ್ಪಿಲ್ಲದೆ ಬರೆಯುವುದೇ ಇದರ ಮೂಲವಿದ್ಯೆ. ಅದಕ್ಕೆ ನೃತ್ಯದ ಜೀವವನ್ನು ತುಂಬಿದವರು ಅಮೆರಿಕದ ಜಾಕ್ಸನ್ ಹೇನ್ಸ್. ಸ್ವದೇಶದಲ್ಲಿ ಅವರ ಹೊಸ ರೀತಿಗೆ ಆದರ ದೊರೆಯಲಿಲ್ಲ. 1860ರ ದಶಕದಲ್ಲಿ ಅವರು ಯೂರೋಪಿಗೆ ಬಂದು ಸಂಗೀತಕ್ಕೆ ಹೊಂದುವಂತೆ ಜಾರಿ ಕುಣಿದಾಗ, ವಾಲ್ಟ್ಸ್ ನೃತ್ಯದಲ್ಲಿ ಮೈಮರೆತಿದ್ದ ವಿಯೆನ್ನಾ ಅವರನ್ನು ತಲೆಯ ಮೇಲೆ ಹೊತ್ತಿತು. 1882ರಲ್ಲಿ ಇದೇ ನಗರದ ಸ್ಪರ್ಧೆಯೊಂದರಲ್ಲಿ ನಾರ್ವೆಯ ಆಕ್ಸೆಲ್ ಪೌಲ್ಸೆನ್ ಒಂದೂವರೆ ಸುತ್ತಿನ ನೆಗೆತವನ್ನು ತೋರಿದರು. ಇಂದು ಅವರ ಹೆಸರನ್ನೇ ಹೊತ್ತ ಆ ನೆಗೆತವನ್ನು ಕಲಿಯದೆ ಯಾವ ಸ್ಪರ್ಧಾಳುವೂ ಮುಂದೆ ಬರಲಾರನು. ಒಬ್ಬನ ಸಾಹಸವು ಎಲ್ಲರ ಪಾಠವಾಗುವುದು ಹೀಗೆ.

ಆದರೆ ಪಾಠವೇ ಕಟ್ಟುಪಾಡಾದರೆ ಗತಿಯೇನು? ಅಂಗಳದ ಒಂದು ಮೂಲೆಯಲ್ಲಿ ಐದಾರು ಬಾಲಕಿಯರು ಅಭ್ಯಾಸ ಮಾಡುತ್ತಿದ್ದರು. ಒಬ್ಬಳು ಗಿರಗಿರನೆ ತಿರುಗುತ್ತ, ಒಂದು ಕಾಲನ್ನು ಬೆನ್ನ ಹಿಂದಿನಿಂದ ಎತ್ತಿ, ತಲೆಯ ಮೇಲೆ ಎರಡು ಕೈಗಳಿಂದಲೂ ಹಿಡಿದಳು. ನಾವು ಬೆರಗಾದೆವು. ಬಳಿಕ ಎರಡನೆಯವಳೂ ಅದನ್ನೇ ಮಾಡಿದಳು, ಮೂರನೆಯವಳೂ ಅದನ್ನೇ. ನಾಲ್ಕನೆಯವಳ ಸರದಿಗೆ ನಮ್ಮ ಬೆರಗು ಉಳಿದಿರಲಿಲ್ಲ. ಈ ಭಂಗಿಗೆ ಬೀಲ್ಮನ್ ಎಂದು ಹೆಸರು. 1981ರಲ್ಲಿ ವಿಶ್ವವಿಜೇತೆಯಾದ ಸ್ವಿಟ್ಜರ್ಲೆಂಡಿನ ಡೆನೀಸ್ ಬೀಲ್ಮನ್ ಅದನ್ನು ಪ್ರಸಿದ್ಧಿಗೆ ತಂದಾಗ ಅದು ಅಪರೂಪದ ಒಡವೆಯಾಗಿತ್ತು. ಇಂದು ಅಂಗಡಿಯ ಸರಕಾಗಿದೆ.

ಇದಕ್ಕೆ ಮಕ್ಕಳನ್ನು ದೂರುವುದು ನ್ಯಾಯವಲ್ಲ. ಅಂಕವು ಎತ್ತ ಬಾಗುವುದೋ ಕಲೆಯೂ ಅತ್ತಲೇ ಬಾಗುವುದು. 1972ರ ಒಲಿಂಪಿಕ್ಸಿನಲ್ಲಿ ಇದೇ ವಿಯೆನ್ನಾದ ಟ್ರಿಕ್ಸಿ ಶೂಬಾ ಮುಕ್ತ ನರ್ತನದಲ್ಲಿ ಏಳನೆಯವರಾದರೂ, ಆಕೃತಿ ಬರೆಯುವುದರಲ್ಲಿ ಅಸಮಾನರಾಗಿದ್ದುದರಿಂದ ಚಿನ್ನವನ್ನು ಗೆದ್ದರು. ಆಮೇಲೆ ಆಕೃತಿಗಳ ಬೆಲೆ ಇಳಿಯುತ್ತ ಬಂದು, 1990ರ ಬಳಿಕ ವಿಶ್ವಸ್ಪರ್ಧೆಯಲ್ಲಿ ಅವು ಇಲ್ಲವಾದುವು. 2002ರ ಒಲಿಂಪಿಕ್ಸಿನಲ್ಲಿ ತೀರ್ಪುಗಾರರ ಪಕ್ಷಪಾತವು ಬಯಲಾದ ಮೇಲೆ, ಪ್ರತಿಯೊಂದು ನೆಗೆತಕ್ಕೂ ಸುತ್ತಿಗೂ ಬೇರೆ ಬೇರೆ ಬೆಲೆ ಕಟ್ಟುವ ಹೊಸ ಪದ್ಧತಿಯು ಬಂದಿತು. ಉದ್ದೇಶವೇನೋ ಒಳ್ಳೆಯದೇ. ಆದರೆ ಬೆಲೆಯ ಪಟ್ಟಿಯು ಕೈಯಲ್ಲಿರುವಾಗ ಕಡಿಮೆ ಬೆಲೆಯ ಚೆಲುವನ್ನು ಆರಿಸುವವರಾರು?

ಅಮೆರಿಕದ ಬ್ರಯನ್ ಬಾಯ್ಟಾನೊ ನೆಗೆಯುವಾಗ ಒಂದು ಕೈಯನ್ನು ಮೇಲಕ್ಕೆತ್ತುತ್ತಿದ್ದುದು ಅವರ ಸ್ವಂತ ಮುದ್ರೆಯಾಗಿತ್ತು. ಮುಂದೆ ಅದಕ್ಕೂ ಅಂಕ ದೊರೆಯತೊಡಗಲು, ಸಂಗೀತವು ಕೇಳಲಿ ಬಿಡಲಿ, ಕೈಗಳು ಮೇಲೇರಿದುವು. ಪ್ರದರ್ಶನದ ಉತ್ತರಾರ್ಧದ ನೆಗೆತಗಳಿಗೆ ನೂರಕ್ಕೆ ಹತ್ತರಷ್ಟು ಹೆಚ್ಚು ಅಂಕವೆಂದಾಗ, 2018ರ ಒಲಿಂಪಿಕ್ಸಿನಲ್ಲಿ ಹದಿನೈದು ವರ್ಷದ ಅಲೀನಾ ಜಗಿತೋವಾ ಎಲ್ಲ ನೆಗೆತಗಳನ್ನೂ ಕೊನೆಗೇ ಉಳಿಸಿಕೊಂಡು ಚಿನ್ನವನ್ನು ಗೆದ್ದರು. ಅದೇ ವರ್ಷ ನಿಯಮವನ್ನು ಬಿಗಿಗೊಳಿಸಲಾಯಿತು. ಸಂಗೀತದ ಆಯ್ಕೆಯಲ್ಲಿಯೂ ಇದೇ ಕಥೆ: 1988ರಲ್ಲಿ ಕ್ಯಾಲ್ಗರಿಯಲ್ಲಿ ಚಿನ್ನಕ್ಕೆ ಸ್ಪರ್ಧಿಸಿದ ಕಟರೀನಾ ವಿಟ್ ಮತ್ತು ಡೆಬಿ ಥಾಮಸ್ ಇಬ್ಬರೂ ಕುಣಿದುದು 'ಕಾರ್ಮೆನ್' ಸಂಗೀತಕ್ಕೇ.

ನೋಡುವವರಿಗೆ ಬೇಸರವಾಯಿತೆಂಬುದಷ್ಟೇ ಆದರೆ ಈ ಮಾತನ್ನು ಇಷ್ಟು ಬೆಳೆಸಬೇಕಾಗಿರಲಿಲ್ಲ. ಬೆಳೆಯುವ ಮಗುವಿನ ಬೆನ್ನುಮೂಳೆಯನ್ನು ದಿನವೂ ಬಿಲ್ಲಿನಂತೆ ಬಗ್ಗಿಸುವುದು ನಿರಪಾಯವಲ್ಲ. ಬೆನ್ನಿನ ನೋವು ಈ ಕಲಾವಿದರಲ್ಲಿ ಸಾಮಾನ್ಯವಾಗಿದೆ. ಹಿರಿಯರ ಸ್ಪರ್ಧೆಗೆ ಕನಿಷ್ಠ ವಯಸ್ಸನ್ನು ಹದಿನೈದರಿಂದ ಹದಿನೇಳಕ್ಕೆ ಏರಿಸಬೇಕೆಂದು 2022ರಲ್ಲಿ ಅಂತರರಾಷ್ಟ್ರೀಯ ಸಂಸ್ಥೆಯು ನಿಶ್ಚಯಿಸಿದುದು ವಿವೇಕದ ಕಾರ್ಯವೇ ಸರಿ.

ನಿಯಮಗಳು ಬದಲಾಗುತ್ತಲೇ ಇರುತ್ತವೆ. ಬಹುಕಾಲ ನಿಷಿದ್ಧವಾಗಿದ್ದ ಹಿಮ್ಮುಖ ಲಾಗಕ್ಕೂ 2024ರಲ್ಲಿ ಅನುಮತಿ ದೊರೆಯಿತು. ನಾಳೆ ಅದೂ ಹಳತಾಗಬಹುದು. ಭಂಗಿಯನ್ನು ನೋಡಿ ಕಲಿಯುವುದರಲ್ಲಿ ದೋಷವಿಲ್ಲ. ಹೇನ್ಸರಿಂದ ವಿಯೆನ್ನಾ ಕಲಿಯಲಿಲ್ಲವೆ? ಆದರೆ ವಿಯೆನ್ನಾ ಅವರಿಂದ ಕಲಿತುದು ಒಂದು ಭಂಗಿಯನ್ನಲ್ಲ, ಸಂಗೀತಕ್ಕೆ ಕಿವಿಗೊಡುವುದನ್ನು. ತಮ್ಮ ಮಕ್ಕಳಿಗೆ ಯಾವುದೇ ಕಲೆಯನ್ನು ಕಲಿಸುವ ತಾಯ್ತಂದೆಗಳು ಬಹುಮಾನವನ್ನು ಎಣಿಸುವುದಕ್ಕೆ ಮೊದಲು ಈ ಒಂದನ್ನು ನೋಡಿಕೊಂಡರೆ ಸಾಕು: ಮಗುವಿನ ಕೈ ಮೇಲೇಳುವುದು ಅಂಕಕ್ಕಾಗಿಯೋ, ರಾಗಕ್ಕಾಗಿಯೋ?