ಪುಸ್ತಕ ತೆರೆದು ಮಾಡುವ ಕೆಲಸ

ನಮ್ಮಲ್ಲಿ 'ಪುಸ್ತಕದ ಬದನೆಕಾಯಿ' ಎಂಬ ಮಾತು ಬಹಳ ಹಳೆಯದು. ಓದಿ ತಿಳಿದದ್ದು ಅಡುಗೆಗೆ ಒದಗದು ಎಂಬುದು ಅದರ ತಾತ್ಪರ್ಯ. ಆದರೆ ಪುಸ್ತಕವನ್ನು ತೆರೆಯದೆ ಒಂದು ತಿರುಪನ್ನೂ ಮುಟ್ಟಬಾರದೆಂಬ ಕಟ್ಟಳೆಯಿರುವ ಉದ್ಯೋಗವೊಂದಿದೆ. ಅದು ಯುದ್ಧವಿಮಾನಗಳ ನಿರ್ವಹಣೆ. ಈ ಲೋಕವನ್ನು ನನಗೆ ಪರಿಚಯಿಸಿದವನು ಹನಗೋಡಿನಲ್ಲಿ ನನ್ನ ಬಳಿ ಕನ್ನಡ ಓದಿದ ಶಿಷ್ಯ. ಬೆಳಗಾವಿಯ ಸಾಂಬ್ರಾದಲ್ಲಿ ಆರಂಭದ ತರಬೇತಿ, ಚೆನ್ನೈ ಬಳಿಯ ತಾಂಬರಂನಲ್ಲಿ ತಾಂತ್ರಿಕ ಶಿಕ್ಷಣ ಪಡೆದು, ಇಪ್ಪತ್ತು ವರ್ಷ ವಾಯುಪಡೆಯಲ್ಲಿ ಫಿಟ್ಟರ್ ಆಗಿ ದುಡಿದು, ಈಗ ಊರಿಗೆ ಮರಳಿ ಹೊಗೆಸೊಪ್ಪು ಬೆಳೆಯುತ್ತಿದ್ದಾನೆ.

"ಮೇಷ್ಟ್ರೇ, ನೀವು ಪುಸ್ತಕ ಮುಚ್ಚಿ ಒಪ್ಪಿಸು ಅಂತಿದ್ರಿ. ಅಲ್ಲಿ ನೂರು ಸಲ ಮಾಡಿದ ಕೆಲಸವಾದರೂ ಪುಸ್ತಕ ತೆರೆದಿಟ್ಟುಕೊಂಡೇ ಮಾಡಬೇಕು. ನೆನಪಿನ ಮೇಲೆ ಮಾಡಿದವನಿಗೇ ಶಿಕ್ಷೆ" ಎಂದು ಆತ ನಗುತ್ತಾ ಹೇಳಿದ.

ಒಂದು ವಿಮಾನಕ್ಕೆ ಒಂದು ಪುಸ್ತಕ ಸಾಲದು, ಒಂದು ಕಪಾಟೇ ಬೇಕು. ಹಾರಾಟದ ಕೈಪಿಡಿ ಚಾಲಕನಿಗೆ ಸೇರಿದ್ದು. ವೇಗದ ಮಿತಿ, ಭಾರದ ಮಿತಿ, ಬೆಂಕಿ ಹೊತ್ತಿಕೊಂಡರೆ ಮೊದಲು ಮಾಡಬೇಕಾದದ್ದು ಅದರಲ್ಲಿರುತ್ತವೆ. ಉಳಿದವು ನೆಲದ ಮೇಲೆ ದುಡಿಯುವವರಿಗೆ. ತಪಾಸಣೆಯ ವೇಳಾಪಟ್ಟಿಯು 'ಯಾವಾಗ' ಎಂಬ ಪ್ರಶ್ನೆಗೆ ಉತ್ತರ: ಇಷ್ಟು ಗಂಟೆ ಹಾರಿದ ಮೇಲೆ, ಇಷ್ಟು ಸಲ ನೆಲಕ್ಕಿಳಿದ ಮೇಲೆ, ಹಾರದೆ ನಿಂತಿದ್ದರೂ ಇಷ್ಟು ತಿಂಗಳು ಕಳೆದ ಮೇಲೆ ಏನೇನು ನೋಡಬೇಕು ಎಂಬುದು. ನಿರ್ವಹಣಾ ಕೈಪಿಡಿಯು 'ಹೇಗೆ' ಎಂಬುದಕ್ಕೆ ಉತ್ತರ. ಬಿಡಿಭಾಗಗಳ ಸಚಿತ್ರ ಸೂಚಿಯಲ್ಲಿ ಪ್ರತಿಯೊಂದು ಜೋಡಣೆಯನ್ನೂ ಬಿಡಿಸಿ ಹರಡಿದ ಚಿತ್ರವಿದ್ದು, ಒಂದು ವಾಷರಿಗೂ ಅದರದೇ ಸಂಖ್ಯೆಯಿರುತ್ತದೆ. ಒಡಲಿನ ದುರಸ್ತಿಯ ಕೈಪಿಡಿಯು ತಗಡಿನ ಮೇಲೆ ಎಷ್ಟು ಆಳದ ತಗ್ಗನ್ನು ಹಾಗೆಯೇ ಬಿಡಬಹುದು, ಎಷ್ಟಾದರೆ ತೇಪೆ ಹಾಕಬೇಕು, ತೇಪೆಗೆ ಎಷ್ಟು ರಿವೆಟ್ ಎಂದು ವಿಧಿಸುತ್ತದೆ. ವಿದ್ಯುತ್ ತಂತಿಗಳ ನಕ್ಷೆಗಳದು ಬೇರೆ ಸಂಪುಟ. ಎಂಜಿನ್ನನ್ನು ಪೂರ್ತಿ ಬಿಚ್ಚಿ ಕಟ್ಟುವ ಓವರ್‌ಹಾಲ್ ಕೈಪಿಡಿ ದೊಡ್ಡ ಕಾರ್ಯಾಗಾರಗಳಿಗೆ. ಯುದ್ಧವಿಮಾನವಾದುದರಿಂದ ಬಾಂಬು, ಕ್ಷಿಪಣಿಗಳನ್ನು ಏರಿಸುವ ಕ್ರಮಕ್ಕೂ ಪ್ರತ್ಯೇಕ ಪುಸ್ತಕವುಂಟು. ಅಮೆರಿಕದ ವಾಯುಪಡೆಯಲ್ಲಿ ಇಂಥವುಗಳ ಹೆಸರು 'ಟೆಕ್ನಿಕಲ್ ಆರ್ಡರ್', ಅಂದರೆ ತಾಂತ್ರಿಕ ಆಜ್ಞೆ. ಹೆಸರಿನಲ್ಲೇ ಅದರ ಅಧಿಕಾರ ತಿಳಿಯುತ್ತದೆ.

ಇವೆಲ್ಲಕ್ಕೂ ಜೊತೆಯಾಗಿ ಪ್ರತಿ ವಿಮಾನಕ್ಕೂ ಒಂದು ದಾಖಲೆ ಪುಸ್ತಕ. ಬ್ರಿಟಿಷರಿಂದ ಬಂದ 'ಫಾರಂ 700' ಎಂಬ ಹೆಸರಿನಿಂದಲೇ ನಮ್ಮವರು ಅದನ್ನು ಕರೆಯುತ್ತಾರೆ. ಕೆಲಸ ಮಾಡಿದವನೂ ಅದನ್ನು ಪರೀಕ್ಷಿಸಿದವನೂ ರುಜು ಹಾಕಿದ ಮೇಲೆ, ಚಾಲಕನು ಅದನ್ನು ಓದಿ ತಾನೂ ರುಜು ಹಾಕಿ ವಿಮಾನವನ್ನು ಏರುತ್ತಾನೆ. ಮುಖಪರಿಚಯವೇ ಇಲ್ಲದವರ ರುಜುವನ್ನು ನಂಬಿ ಪ್ರಾಣವನ್ನು ಒಪ್ಪಿಸುವ ವ್ಯವಹಾರ ಇದು.

ಪುಸ್ತಕಗಳನ್ನು ತಿದ್ದುವ ಕ್ರಮವೂ ಗಮನಾರ್ಹ. ಹಾಳೆಗಳನ್ನು ಹೊಲಿದಿರುವುದಿಲ್ಲ, ತಿದ್ದುಪಡಿ ಬಂದಾಗ ಹಳೆಯ ಹಾಳೆಯನ್ನು ತೆಗೆದು ಹೊಸದನ್ನು ಸೇರಿಸಿ, ಸೇರಿಸಿದವನು ದಿನಾಂಕ ಸಹಿತ ದಾಖಲಿಸಬೇಕು. ನಮ್ಮ ಮನೆಗಳಲ್ಲಿ ಅಣ್ಣನ ಹಳೆಯ ಪಠ್ಯಪುಸ್ತಕ ತಮ್ಮನಿಗೆ ಸಾಕಾಗುತ್ತಿತ್ತು. ಅಲ್ಲಿ ಒಂದು ಹಳೆಯ ಹಾಳೆ ಉಳಿದರೂ ಅಪಾಯ.

ನೆನಪಿನ ಮೇಲೆ ಇಷ್ಟೊಂದು ಅಪನಂಬಿಕೆ ಏಕೆ? 1935ರ ಅಕ್ಟೋಬರ್ 30ರಂದು ಅಮೆರಿಕದ ಒಹಾಯೊ ರಾಜ್ಯದ ರೈಟ್ ಫೀಲ್ಡ್‌ನಲ್ಲಿ ಬೋಯಿಂಗ್ ಕಂಪನಿಯ ಹೊಸ ಬಾಂಬರ್ 'ಮಾಡೆಲ್ 299' ಮೇಲೇರಿದ ಕೂಡಲೇ ನೆಲಕ್ಕೆ ಬಿತ್ತು. ವಿಮಾನ ಕೆಟ್ಟಿರಲಿಲ್ಲ, ಹಾರಿಸಿದವರು ನುರಿತವರು. ನಿಂತ ವಿಮಾನದ ರೆಕ್ಕೆಪುಕ್ಕಗಳು ಗಾಳಿಗೆ ಅಲುಗದಂತೆ ಹಾಕುವ ಬೀಗವನ್ನು ತೆಗೆಯಲು ಮರೆತಿದ್ದರು. ಇಬ್ಬರು ಪ್ರಾಣ ತೆತ್ತರು. ಚಾಲಕರು ಓದಿ ಗುರುತು ಹಾಕಿಕೊಳ್ಳುವ ಪಟ್ಟಿ ರೂಢಿಗೆ ಬಂದದ್ದು ಆ ದುರಂತದ ತರುವಾಯ.

ನಮ್ಮ ನಾಡಿಗೂ ಈ ವಿದ್ಯೆ ಹೊಸದಲ್ಲ. ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಬೆಂಬಲದಿಂದ 1940ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ವಿಮಾನಗಳನ್ನು ದುರಸ್ತಿ ಮಾಡಿತು. ಅಲ್ಲೇ ರೂಪುಗೊಂಡ 'ಮಾರುತ್' ಯುದ್ಧವಿಮಾನ 1961ರ ಜೂನ್ 17ರಂದು ಮೊದಲ ಬಾರಿಗೆ ಹಾರಿತು. ಸ್ವಂತ ವಿಮಾನ ಕಟ್ಟುವವರು ಅದರ ಕೈಪಿಡಿಗಳನ್ನೂ ಸ್ವತಃ ಬರೆಯಬೇಕಾಗುತ್ತದೆ. 1963ರಿಂದ 2025ರ ಸೆಪ್ಟೆಂಬರ್‌ವರೆಗೆ ನಮ್ಮ ಸೇವೆಯಲ್ಲಿದ್ದ ಮಿಗ್-21ರ ಮೂಲ ಕೈಪಿಡಿಗಳು ರಷ್ಯನ್ ಭಾಷೆಯವು, ಅವನ್ನು ಅನುವಾದಿಸಿಕೊಳ್ಳಬೇಕಾಯಿತು.

ಭಾಷೆಯ ಮೇಷ್ಟ್ರಾದ ನನ್ನ ಮನಸ್ಸು ನಿಂತದ್ದು ಇಲ್ಲಿ. ಇಂಥ ಕೈಪಿಡಿಗಳಿಗೆಂದೇ ಯೂರೋಪಿನ ವಿಮಾನೋದ್ಯಮದವರು 1986ರಲ್ಲಿ ಸರಳ ಇಂಗ್ಲಿಷಿನ ನಿಯಮಾವಳಿಯೊಂದನ್ನು ಪ್ರಕಟಿಸಿದರು. ಒಂದು ಪದಕ್ಕೆ ಒಂದೇ ಅರ್ಥ. ಕೆಲಸದ ಕ್ರಮ ಹೇಳುವ ವಾಕ್ಯ 20 ಪದಗಳನ್ನು ಮೀರಕೂಡದು. ಕಾವ್ಯಕ್ಕೆ ಭೂಷಣವಾದ ಶ್ಲೇಷೆ ಅಲ್ಲಿ ನಿಷಿದ್ಧ. ನಮ್ಮ ಮಾತನ್ನೇ ನೋಡಿ: ಹನಗೋಡಿನ ರೈತ 'ಗದ್ದೆಗೆ ನೀರು ಕಟ್ಟು' ಎಂದರೆ ನೀರು ಹರಿಸು ಎಂದರ್ಥ. ಅದೇ ಊರಿನ ಅಣೆಕಟ್ಟೆಯಲ್ಲಿ ಲಕ್ಷ್ಮಣತೀರ್ಥದ ನೀರನ್ನು ಕಟ್ಟಿದ್ದಾರೆ ಎಂದರೆ ತಡೆದು ನಿಲ್ಲಿಸಿದ್ದಾರೆ ಎಂದರ್ಥ. ಊರಿನವರಿಗೆ ಗೊಂದಲವಿಲ್ಲ. ಆದರೆ ಕೈಪಿಡಿಯ ಓದುಗ ಎಂದೂ ಹೊಸಬನೇ. ಅವನಿಗೆ ಒಂದೇ ದಾರಿ ಕಾಣಬೇಕು. ಎಚ್ಚರಿಕೆಗಳಿಗೂ ಅಲ್ಲಿ ಮೂರು ಮೆಟ್ಟಿಲು: 'ವಾರ್ನಿಂಗ್' ಎಂದರೆ ಮನುಷ್ಯನಿಗೆ ಅಪಾಯ, 'ಕಾಷನ್' ಎಂದರೆ ಯಂತ್ರಕ್ಕೆ ಹಾನಿ, 'ನೋಟ್' ಎಂದರೆ ತಿಳಿವಳಿಕೆಯ ಮಾತು.

ಕೀಟನಾಶಕದ ಡಬ್ಬಿಗಳ ಮೇಲೂ ಕೆಂಪು, ಹಳದಿ, ನೀಲಿ, ಹಸಿರು ಬಣ್ಣದ ಗುರುತುಗಳಿವೆ. ಕೆಂಪು ಅತ್ಯಂತ ವಿಷಕಾರಿ. ಆದರೆ ಬಳಸುವ ಕ್ರಮವನ್ನು ಭೂತಕನ್ನಡಿ ಹಿಡಿದು ಓದಬೇಕಾದಷ್ಟು ಸಣ್ಣ ಅಕ್ಷರದಲ್ಲಿ, ಯಾರೂ ಆಡದ ಕನ್ನಡದಲ್ಲಿ ಅಚ್ಚು ಹಾಕಿರುತ್ತಾರೆ. ನನ್ನ ಶಿಷ್ಯನು ತನ್ನ ಪಂಪ್‌ಹೌಸಿನ ಗೋಡೆಗೆ ಒಂದು ಹಾಳೆ ಅಂಟಿಸಿದ್ದಾನೆ. ಕೈಗವಸು ಹಾಕು, ಗಾಳಿಗೆ ಬೆನ್ನು ಮಾಡು, ಕೆಲಸ ಮುಗಿದ ಮೇಲೆ ಸೋಪಿನಿಂದ ಕೈ ತೊಳೆ, ಹೀಗೆ ಒಂದೊಂದು ಸಾಲಿಗೆ ಒಂದೊಂದೇ ಕೆಲಸ. ಪಕ್ಕದಲ್ಲಿ ದಾರ ಕಟ್ಟಿದ ನೋಟ್‌ಬುಕ್. ಔಷಧಿ ಹೊಡೆದವರು ದಿನಾಂಕ ಬರೆದು ರುಜು ಹಾಕಬೇಕು.

ಕಾರ್ಖಾನೆ, ಆಸ್ಪತ್ರೆ, ವಿದ್ಯುತ್ ಇಲಾಖೆಗಳಲ್ಲಿರುವ ನನ್ನ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ನಿಮ್ಮ ಕೈಕೆಳಗೆ ದುಡಿಯುವವರಿಗಾಗಿ ಒಂದೇ ಒಂದು ಕೆಲಸದ ಕ್ರಮವನ್ನು ಇಂಥ ಕನ್ನಡದಲ್ಲಿ ಬರೆದು, ಅವರ ಕಣ್ಣಿಗೆ ಬೀಳುವಲ್ಲಿ ಅಂಟಿಸಿ. ನನಗೂ ಒಂದು ಪ್ರತಿ ಕಳುಹಿಸಿದರೆ ಸಂತೋಷದಿಂದ ಓದುತ್ತೇನೆ; ವ್ಯಾಕರಣವನ್ನು ತಿದ್ದಿಯೂ ಕೊಡುತ್ತೇನೆ.