ಪೈಲ್ವಾನ್ ತಾತನ ಮನೆತನ

‘ಮೊವಾನಾ’ ಸಿನಿಮಾ ನೋಡಿದ ಮಕ್ಕಳಿಗೆ ಮಾವೂಯಿ ನೆನಪಿರಬೇಕು. ದೈತ್ಯ ದೇಹ, ಮೈತುಂಬ ಹಚ್ಚೆ, ಕೈಯಲ್ಲಿ ಮೀನಿನ ಗಾಳದಂಥ ಆಯುಧ. 2016ರಲ್ಲಿ ಬಂದ ಆ ಚಿತ್ರದಲ್ಲಿ ಅವನಿಗೆ ದನಿ ಕೊಟ್ಟವರು ಡ್ವೇನ್ ಜಾನ್ಸನ್. ‘ದಿ ರಾಕ್’ ಎಂದರೆ ಇನ್ನೂ ಬೇಗ ಗುರುತು ಸಿಗುತ್ತದೆ. ಆ ಪಾತ್ರಕ್ಕೆ ತಮ್ಮ ತಾತನೇ ಸ್ಫೂರ್ತಿ ಎಂದು ಅವರು ಹೇಳಿದ್ದಾರೆ. ಆ ತಾತನ ಹೆಸರು ಪೀಟರ್ ಮೈವಿಯಾ.

ಬ್ಯಾಂಕಿನಲ್ಲಿ ಲೆಜರ್ ಬರೆದು ನಿವೃತ್ತನಾದ ನಿನಗೂ ಕುಸ್ತಿಗೂ ಏನಪ್ಪಾ ಸಂಬಂಧ ಎಂದು ನನ್ನ ವಾರಿಗೆಯವರು ಕೇಳಬಹುದು. ಮೊಮ್ಮಕ್ಕಳ ಜೊತೆ ಟಿವಿ ಮುಂದೆ ಕೂತವರಿಗೆ ಎಲ್ಲ ವಿಷಯಕ್ಕೂ ಸಂಬಂಧ ತಾನಾಗಿಯೇ ಬರುತ್ತದೆ. ಅಲ್ಲದೆ ಈ ಕಥೆಯಲ್ಲಿ ಕುಸ್ತಿಗಿಂತ ಮನೆತನದ ವಿಚಾರವೇ ಹೆಚ್ಚು.

ಭೂಪಟ ತೆಗೆದು ಪೆಸಿಫಿಕ್ ಸಾಗರದಲ್ಲಿ ಹುಡುಕಿ. ಹವಾಯಿಗೂ ನ್ಯೂಜಿಲೆಂಡಿಗೂ ನಡುವೆ ಸಾಸಿವೆ ಚೆಲ್ಲಿದಂತೆ ಕಾಣುವ ದ್ವೀಪಗಳೇ ಸಮೋವಾ. ರಾಜಧಾನಿ ಅಪಿಯಾ. ಇಡೀ ದೇಶದ ಜನಸಂಖ್ಯೆ ಸುಮಾರು ಎರಡು ಲಕ್ಷ. ಅಲ್ಲಿ ಕುಟುಂಬಕ್ಕೆ ‘ಐಂಗಾ’ ಎನ್ನುತ್ತಾರೆ. ಅಪ್ಪ, ಅಮ್ಮ, ಮಕ್ಕಳಷ್ಟೇ ಅಲ್ಲ, ಚಿಕ್ಕಪ್ಪ, ಸೋದರತ್ತೆ, ಅವರ ಮಕ್ಕಳು, ಸಾಕಿಕೊಂಡವರು ಎಲ್ಲರೂ ಅದರೊಳಗೇ. ಮನೆತನದ ಮುಖ್ಯಸ್ಥನಿಗೆ ‘ಮತಾಯಿ’ ಎಂಬ ಪದವಿ. ನಮ್ಮ ಹಳೆಯ ಅವಿಭಕ್ತ ಕುಟುಂಬವನ್ನೂ ಅದರ ಯಜಮಾನನನ್ನೂ ನೆನೆದುಕೊಂಡರೆ ಅರ್ಧ ಅರ್ಥವಾದಂತೆ.

ಪೀಟರ್ ಮೈವಿಯಾ ಹುಟ್ಟಿದ್ದು 1937ರಲ್ಲಿ, ಸಮೋವಾದಲ್ಲಿ. ನ್ಯೂಜಿಲೆಂಡಿಗೆ ಹೋಗಿ ಕುಸ್ತಿ ಕಲಿತರು. ಮುಂದೆ ಅಮೆರಿಕದ ಅಖಾಡಗಳಲ್ಲಿ ಹೆಸರು ಮಾಡಿದರು. ಸೊಂಟದಿಂದ ಮೊಣಕಾಲಿನವರೆಗೆ ಸಮೋವಾದ ಸಾಂಪ್ರದಾಯಿಕ ಹಚ್ಚೆ ಹಾಕಿಸಿಕೊಂಡಿದ್ದರು. ಅದಕ್ಕೆ ‘ಪೇಆ’ ಎನ್ನುತ್ತಾರೆ. ಮೂಳೆಯಿಂದ ಮಾಡಿದ ಬಾಚಣಿಗೆಯಂಥ ಸಲಕರಣೆಯನ್ನು ಕೋಲಿನಿಂದ ತಟ್ಟಿ ತಟ್ಟಿ ಚರ್ಮಕ್ಕೆ ಮಸಿ ಇಳಿಸುತ್ತಾರೆ. ಒಂದೇ ದಿನಕ್ಕೆ ಮುಗಿಯುವ ಕೆಲಸವಲ್ಲ, ಸಹಿಸಲು ಗಟ್ಟಿ ಗುಂಡಿಗೆ ಬೇಕು. ನಮ್ಮ ಅಜ್ಜಿಯಂದಿರ ಕೈಯ ಹಸಿರು ಹಚ್ಚೆ ಇದರ ಮುಂದೆ ಏನೂ ಅಲ್ಲ. 1967ರ ಒಂದು ಜೇಮ್ಸ್ ಬಾಂಡ್ ಚಿತ್ರದಲ್ಲಿ ಶಾನ್ ಕಾನರಿಯ ಜೊತೆ ಹೊಡೆದಾಡುವ ಕಾರು ಚಾಲಕನ ಸಣ್ಣ ಪಾತ್ರವನ್ನೂ ಇವರು ಮಾಡಿದ್ದಾರೆ.

ಮಕ್ಕಳೇ, ಒಂದು ಮಾತು ನೆನಪಿಡಿ. ಟಿವಿಯಲ್ಲಿ ನೀವು ನೋಡುವ ಈ ಕುಸ್ತಿಯಲ್ಲಿ ಯಾರು ಗೆಲ್ಲಬೇಕೆಂದು ಮೊದಲೇ ತೀರ್ಮಾನವಾಗಿರುತ್ತದೆ. ಆದರೆ ಬೀಳುವುದು ನಿಜ, ಪೆಟ್ಟೂ ನಿಜ. ವರ್ಷಗಟ್ಟಲೆ ಕಲಿತವರೂ ಮೂಳೆ ಮುರಿದುಕೊಳ್ಳುತ್ತಾರೆ. ತಮ್ಮನ ಮೇಲೆ ಮಂಚದಿಂದ ಹಾರುವ ಪ್ರಯೋಗ ಬೇಡ.

ಈಗ ಮನೆತನದ ವಿಷಯ. ಪೀಟರ್ ಮದುವೆಯಾದದ್ದು ಲಿಯಾ ಎಂಬಾಕೆಯನ್ನು. ಲಿಯಾಗೆ ಆಗಲೇ ಅಟಾ ಎಂಬ ಮಗಳಿದ್ದಳು. ಪೀಟರ್ ಆ ಮಗುವನ್ನು ದತ್ತು ತೆಗೆದುಕೊಂಡು ತನ್ನ ಮಗಳೆಂದೇ ಬೆಳೆಸಿದರು. ಅಮಿತುವಾನಾಯಿ ಅನೊವಾಯಿ ಎಂಬ ಪಾದ್ರಿಯನ್ನು ಅವರು ಒಡಹುಟ್ಟಿದ ಸಹೋದರನಂತೆ ಕಾಣುತ್ತಿದ್ದರು. ಹುಟ್ಟಿನ ನಂಟಲ್ಲ, ಮಾತಿನ ನಂಟು. ಆ ಪಾದ್ರಿಯ ಮಕ್ಕಳಾದ ಅಫಾ ಮತ್ತು ಸಿಕಾ ಕುಸ್ತಿಗೆ ಬಂದು ‘ವೈಲ್ಡ್ ಸಮೋವನ್ಸ್’ ಎಂಬ ಪ್ರಸಿದ್ಧ ಜೋಡಿಯಾದರು. ಇಂದು ಮಕ್ಕಳ ಬಾಯಲ್ಲಿರುವ ರೋಮನ್ ರೇನ್ಸ್ ಸಿಕಾ ಅವರ ಮಗ. 1316 ದಿನ ಚಾಂಪಿಯನ್ ಪಟ್ಟ ಉಳಿಸಿಕೊಂಡವರು. ಯೊಕೊಜುನಾ, ರಿಕಿಷಿ, ಉಮಾಗಾ ಎಲ್ಲರೂ ಇದೇ ಬಳಗ. ಈ ಕಸುಬು ಈ ಬಳಗದಿಂದ ಕಿತ್ತುಕೊಂಡದ್ದೂ ಇದೆ. ಯೊಕೊಜುನಾ ತೀರಿಕೊಂಡಾಗ 34 ವರ್ಷ, ಉಮಾಗಾಗೆ 36.

ಅಟಾ ದೊಡ್ಡವಳಾಗಿ ಮೆಚ್ಚಿದ್ದು ಕೆನಡಾದ ಕಪ್ಪು ಜನಾಂಗದ ಪೈಲ್ವಾನ್ ರಾಕಿ ಜಾನ್ಸನ್‌ರನ್ನು. ಪೀಟರ್‌ಗೆ ಇದು ಹಿಡಿಸಲಿಲ್ಲವಂತೆ. ಊರೂರು ಅಲೆಯುವ ಪೈಲ್ವಾನನ ಹೆಂಡತಿಯ ಕಷ್ಟ ಪೈಲ್ವಾನನಿಗಲ್ಲದೆ ಇನ್ನಾರಿಗೆ ಗೊತ್ತು? ಆದರೂ ಸಂಬಂಧ ಕೂಡಿತು. 1972ರಲ್ಲಿ ಮೊಮ್ಮಗ ಡ್ವೇನ್ ಹುಟ್ಟಿದ. 1983ರಲ್ಲಿ ರಾಕಿ ಜಾನ್ಸನ್ ಮತ್ತು ಟೋನಿ ಅಟ್ಲಾಸ್ ಜೋಡಿ ಚಾಂಪಿಯನ್ ಆಯಿತು. ಆ ಪಟ್ಟ ಪಡೆದ ಮೊದಲ ಕಪ್ಪು ಜೋಡಿ ಅದು. ಸೋತವರು ಯಾರು ಗೊತ್ತೇ? ಬೀಗರ ಕಡೆಯ ಅಫಾ ಮತ್ತು ಸಿಕಾ!

ಅದನ್ನು ನೋಡಲು ಪೀಟರ್ ಇರಲಿಲ್ಲ. 1982ರ ಜೂನ್‌ನಲ್ಲಿ, ಇನ್ನೂ 45ರ ವಯಸ್ಸಿನಲ್ಲಿ, ಹೊನೊಲುಲುವಿನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಮೊಮ್ಮಗನಿಗೆ ಆಗ ಹತ್ತು ವರ್ಷ. ಪೀಟರ್ ಹವಾಯಿಯಲ್ಲಿ ನಡೆಸುತ್ತಿದ್ದ ಕುಸ್ತಿ ಸಂಸ್ಥೆಯನ್ನು ಲಿಯಾ ಮುಂದುವರಿಸಿದರು. ಗಂಡಸರದೇ ದರ್ಬಾರಿದ್ದ ಆ ವ್ಯವಹಾರದಲ್ಲಿ ಹೆಂಗಸೊಬ್ಬಳು ಲೆಕ್ಕ ನೋಡಿಕೊಂಡು ಪೈಲ್ವಾನರನ್ನು ನಿಭಾಯಿಸಿದ್ದು ಸಣ್ಣ ಮಾತಲ್ಲ.

ಡ್ವೇನ್ ಹಾದಿಯೂ ಹೂವಿನದಲ್ಲ. 14ನೇ ವಯಸ್ಸಿನಲ್ಲಿ ಬಾಡಿಗೆ ಕಟ್ಟಲಾಗದೆ ತಾಯಿ ಮಗ ಮನೆ ಬಿಡಬೇಕಾಯಿತು. 1995ರಲ್ಲಿ ಕೆನಡಾದ ಫುಟ್‌ಬಾಲ್ ತಂಡ ಅವರನ್ನು ಕೈಬಿಟ್ಟಾಗ ಜೇಬಿನಲ್ಲಿದ್ದದ್ದು ಏಳು ಡಾಲರ್ ಎಂದು ಅವರೇ ಹೇಳಿಕೊಂಡಿದ್ದಾರೆ. ಆಗ ತಂದೆಯ ಬಳಿ ಕುಸ್ತಿ ಕಲಿತರು. 1996ರಲ್ಲಿ ಅಖಾಡಕ್ಕಿಳಿದಾಗ ಇಟ್ಟುಕೊಂಡ ಹೆಸರು ‘ರಾಕಿ ಮೈವಿಯಾ’. ಅಪ್ಪನ ಹೆಸರು, ತಾತನ ಹೆಸರು ಎರಡೂ ಸೇರಿತ್ತು. ಜನ ಮಾತ್ರ ಕೂಗಾಡಿ ಅವಮಾನಿಸಿದರು. ಹಿರಿಯರ ಹೆಸರು ಖಾತೆಯ ಆರಂಭದ ಶಿಲ್ಕು ಇದ್ದಂತೆ. ಅದರ ಮೇಲೆ ನಾವೂ ಜಮಾ ಮಾಡದಿದ್ದರೆ ಎಷ್ಟು ದಿನ ಬಂದೀತು? ಅವರು ತಮ್ಮದೇ ಮಾತಿನ ವರಸೆ ಕಂಡುಕೊಂಡು ‘ದಿ ರಾಕ್’ ಆದರು. ಮುಂದಿನದು ನಿಮಗೇ ಗೊತ್ತು.

ಈ ಕಥೆ ನನ್ನ ಮನಸ್ಸಿಗೆ ನಾಟಿದ್ದಕ್ಕೆ ಮನೆಯ ಕಾರಣವೂ ಇದೆ. ನಮ್ಮ ಮೊಮ್ಮಗಳು ದತ್ತು ಮಗು. ಇದು ಅವಳಿಗೂ ಗೊತ್ತು, ನಮ್ಮಲ್ಲಿ ಮುಚ್ಚುಮರೆಯಿಲ್ಲ. ಅವಳ ನಾಮಕರಣದ ದಿನ, ಊಟದ ಪಂಕ್ತಿಯಲ್ಲಿ ನೆಂಟರೊಬ್ಬರು, “ಎಲ್ಲ ಸರಿ, ಆದರೆ ವಂಶ?” ಎಂದರು. ನನ್ನ ಮಗಳಿಗೆ ಅದು ಕೇಳಿಸಿತು. ಕೈಯಲ್ಲಿದ್ದ ಪಾಯಸದ ಸೌಟು ಅಲ್ಲೇ ನಿಂತಿತು. ಅವಳು ಏನೂ ಹೇಳದೆ ಮುಂದಿನ ಎಲೆಗೆ ಬಡಿಸಿದಳು. ಆ ಕ್ಷಣ ನನಗೆ ಇಂದಿಗೂ ಮರೆತಿಲ್ಲ.

ಈಗ ಲೆಕ್ಕ ಹಾಕಿ ನೋಡಿ. ಮೈವಿಯಾ ಎಂಬ ಹೆಸರನ್ನು ಅಖಾಡಕ್ಕೆ ಮತ್ತೆ ತಂದವನು ದತ್ತು ಮಗಳ ಮಗ. 2008ರಲ್ಲಿ ಪೀಟರ್ ಮತ್ತು ರಾಕಿ ಜಾನ್ಸನ್ ಇಬ್ಬರಿಗೂ ಕುಸ್ತಿಯ ‘ಹಾಲ್ ಆಫ್ ಫೇಮ್’ ಗೌರವ ಸಂದಾಗ ವೇದಿಕೆಯಲ್ಲಿ ನಿಂತು ಅವರನ್ನು ಬರಮಾಡಿಕೊಂಡವನೂ ಅವನೇ. 2022ರಲ್ಲಿ ಅವನ ಮಗಳು ಸಿಮೋನ್ ಅದೇ ರಂಗಕ್ಕೆ ಕಾಲಿಟ್ಟಳು. ಅಲ್ಲಿಗೆ ನಾಲ್ಕು ತಲೆಮಾರು. ನಡುವಿನ ಕೊಂಡಿ ಅಟಾ. ಅನೊವಾಯಿ ಬಳಗದ ಜೊತೆಗಿನ ಬಂಧವೂ ಕೊಟ್ಟ ಮಾತಿನಿಂದಲೇ ಬೆಳೆದದ್ದು. 2004ರಲ್ಲಿ ಡ್ವೇನ್ ತಾಯಿಯ ಜೊತೆ ಸಮೋವಾಕ್ಕೆ ಹೋದಾಗ, ಅಲ್ಲಿನ ರಾಷ್ಟ್ರಮುಖ್ಯಸ್ಥರು ಅವರಿಗೆ ‘ಸೆಯುಲಿ’ ಎಂಬ ಮತಾಯಿ ಪದವಿಯನ್ನೇ ಕೊಟ್ಟರು.

ಮಕ್ಕಳೇ, ಈ ಭಾನುವಾರ ಒಂದು ಕೆಲಸ ಮಾಡಿ. ಅಜ್ಜ ಅಜ್ಜಿಯರ ಪಕ್ಕ ಕೂತು ಅವರ ಅಪ್ಪ ಅಮ್ಮನ ಹೆಸರು, ಊರು, ಕಸುಬು ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಮನೆಯಲ್ಲಿ ಉಂಡು ಬೆಳೆದವರನ್ನು, ಅಣ್ಣತಮ್ಮ ಎಂದು ಕರೆಸಿಕೊಂಡ ಗೆಳೆಯರನ್ನು ಬಿಡಬೇಡಿ. ಅವರನ್ನೂ ಅದೇ ಪುಟದಲ್ಲೇ ಬರೆಯಿರಿ.